ರಟ್ಟಿನಲ್ಲಿ ಹಂಪಿಯ ರಥ: ಪೋಷಕರ ಕೈಪಿಡಿ

ಈ ಕೈಪಿಡಿಯನ್ನು ರಾತ್ರಿ ಒಂಬತ್ತರ ಮೇಲೆ ತೆರೆದವರು ಮೊದಲು ಸ್ಟೇಷನರಿ ಅಂಗಡಿಗೆ ಓಡಿ. ಶಟರ್ ಎಳೆದಿದ್ದರೆ ಹಳೆ ಚಪ್ಪಲಿ ಡಬ್ಬವೇ ಸಾಕು. "ಪ್ರಾಜೆಕ್ಟ್ ನಾಳೇನೇ ಕೊಡ್ಬೇಕಮ್ಮಾ" ಅನ್ನುವುದು ಮಕ್ಕಳಿಗೆ ನೆನಪಾಗುವುದೇ ಆ ಹೊತ್ತಿಗೆ, ಬೈದು ಪ್ರಯೋಜನವಿಲ್ಲ.

ಬೇಕಾಗುವ ಸಾಮಾನು: ರಟ್ಟು, ಕತ್ತರಿ, ಗೋಂದು, ಒಂದಿಷ್ಟು ಜೇಡಿಮಣ್ಣು, ಐವತ್ತು ರೂಪಾಯಿಯ ನೀಲಿ ನೋಟು ಒಂದು. ನೋಟು ಲಂಚಕ್ಕಲ್ಲ, ನಕ್ಷೆಗೆ. 2017ರಲ್ಲಿ ಬಂದ ಈ ನೋಟಿನ ಹಿಂಬದಿಯಲ್ಲಿ ವಿಠ್ಠಲ ದೇವಸ್ಥಾನದ ಕಲ್ಲಿನ ರಥವಿದೆ. ಕೆಲಸ ಮುಗಿದ ಮೇಲೆ ನೋಟು ವಾಪಸ್ ಪಡೆಯುವುದು ನಿಮ್ಮ ಸಾಮರ್ಥ್ಯ.

ಶುರು ಮಾಡುವ ಮುನ್ನ ಅಪ್ಪನನ್ನು ಕೋಣೆಯಿಂದಾಚೆ ಕಳಿಸಿ. ಅಪ್ಪ ಕತ್ತರಿ ಹಿಡಿದರೆ ರಥ ಸೊಗಸಾಗಿ ಬರುತ್ತದೆ, ಮಗು ಟಿವಿ ನೋಡುತ್ತದೆ.

ಒಂದೇ ರಟ್ಟನ್ನು ಮಡಚಿ ರಥ ಮಾಡಬೇಡಿ. ಏಕಶಿಲೆಯೆಂದು ನಂಬಿದವರು ಬಹಳ; ಅಸಲಿಗೆ ಅದು ಗ್ರಾನೈಟ್ ಕಲ್ಲುಗಳನ್ನು ಜೋಡಿಸಿ, ಸಂದು ಸುಲಭಕ್ಕೆ ಕಾಣದ ಹಾಗೆ ಕೆತ್ತಿದ್ದು. ಮಗುವೂ ತುಂಡುಗಳನ್ನೇ ಜೋಡಿಸಲಿ. ಅಂಚಿಗೆ ಅಂಚು ಕೂಡದೆ ಸಿಟ್ಟು ಬಂದಾಗ "ಕಲ್ಲಲ್ಲಿ ಹೇಗ್ ಮಾಡಿದ್ರು?" ಎಂದು ತಾನೇ ಕೇಳುತ್ತದೆ. ಒಳಗೆ ಗರುಡನಿಗೆ ಜಾಗ ಬಿಡಿ, ಇದು ತೇರಿನ ರೂಪದಲ್ಲಿರುವ ಗರುಡನ ಗುಡಿ. ಚಕ್ರ ತಿರುಗುವಂತಿರಲಿ. ಹಂಪಿಯ ಚಕ್ರಗಳೂ ಹಿಂದೆ ತಿರುಗುತ್ತಿದ್ದವು. ಬಂದವರೆಲ್ಲ ತಿರುಗಿಸಿ ಹಾಳು ಮಾಡಿಯಾರೆಂದು ಸಿಮೆಂಟ್ ಹಾಕಿ ನಿಲ್ಲಿಸಿದ್ದಾರೆ. ನಿಮ್ಮ ಮನೆಯಲ್ಲಿ ಆ ಪ್ರವಾಸಿಯ ಪಾತ್ರಕ್ಕೆ ಚಿಕ್ಕ ಮಗ ಇದ್ದೇ ಇರುತ್ತಾನೆ, ಫೆವಿಕಾಲ್ ಕೈಗೆಟುಕುವಂತಿರಲಿ.

ಇನ್ನು ಶಿಖರ. ನೋಟಿನಲ್ಲಿ ಹುಡುಕಬೇಡಿ, ಅಲ್ಲಿಲ್ಲ. 1856ರಲ್ಲಿ ಅಲೆಗ್ಸಾಂಡರ್ ಗ್ರೀನ್‌ಲಾ ತೆಗೆದ ಫೋಟೊದಲ್ಲಿ ರಥದ ನೆತ್ತಿಯ ಮೇಲೆ ಇಟ್ಟಿಗೆಯ ಶಿಖರ ಇದೆ, ಆಮೇಲೆ ಅದನ್ನು ತೆಗೆದುಹಾಕಿದರು. ಉಗುರಿನಷ್ಟು ದೊಡ್ಡ ಇಟ್ಟಿಗೆಗಳನ್ನು ಮಣ್ಣಿನಲ್ಲಿ ಕೊಯ್ದು, ಒಂದರ ಮೇಲೊಂದಿಟ್ಟು ಮಗು ಶಿಖರ ಕಟ್ಟಲಿ. ಕಟ್ಟಿ ಮುಗಿಸಿ, ಅಜ್ಜಿಗೆ ತೋರಿಸಿ ಬಂದ ಮೇಲೆ ಕೆಡವಲು ಹೇಳಿ. ಅಳುತ್ತದೆ. "ಯಾಕೆ ತೆಗೆದ್ರು? ಯಾರ್ ಹೇಳಿದ್ರು?" ಎಂದು ಜಗಳಕ್ಕೆ ಬರುತ್ತದೆ. ಇಸವಿ ಉರು ಹೊಡೆದ ಯಾವ ಮಗುವೂ ಇತಿಹಾಸದ ಜೊತೆ ಹೀಗೆ ಜಗಳಕ್ಕಿಳಿದದ್ದು ನಾನು ಕಂಡಿಲ್ಲ.

ಅಳು ನಿಂತ ಮೇಲೆ ಕುದುರೆ ಮಾಡಿಸಿ. ರಥಕ್ಕೆ ಮೊದಲಿದ್ದದ್ದು ಕುದುರೆಗಳೇ. ಈಗಿನ ಆನೆಗಳು ಆಮೇಲೆ ತಂದು ನಿಲ್ಲಿಸಿದವು. ಆನೆಗಳ ಹಿಂದೆ ಬಗ್ಗಿ ನೋಡಿದರೆ ಕುದುರೆಯ ಹಿಂಗಾಲು, ಬಾಲ ಇನ್ನೂ ಉಳಿದಿವೆ. ಹಾಗಾಗಿ ಕುದುರೆಯನ್ನು ಪೂರ್ತಿ ಕೀಳಬೇಡಿ, ಬಾಲ ಬಿಟ್ಟು ಕತ್ತರಿಸಿ, ಮುಂದೆ ಆನೆ ಅಂಟಿಸಿ.

ಪ್ರದರ್ಶನದ ದಿನ ಪಕ್ಕದ ಮೇಜಿನಲ್ಲಿ ಥರ್ಮಾಕೋಲಿನ ರಥ, ಅದಕ್ಕೆ ಚಿನ್ನದ ಬಣ್ಣ, ಸೀರಿಯಲ್ ಸೆಟ್ ಎಲ್ಲ ಇರುತ್ತದೆ. ಬಹುಮಾನ ಅದಕ್ಕೇ. ನಿಮ್ಮದರ ಮುಂದೆ ಯಾರಾದರೂ ನಿಂತು "ಆನೆ ಹಿಂದೆ ಕುದುರೆ ಬಾಲ ಯಾಕಪ್ಪಾ?" ಎಂದು ಕೇಳಿದರೆ ಮಗುವೇ ಉತ್ತರ ಹೇಳಲಿ. ನೀವು ಬಾಯಿ ಹಾಕಬೇಡಿ.