ಪಾರ್ಕ್‌ಲ್ಯಾಂಡ್ಸ್‌ನ ಪ್ರಯೋಗಪಿತರು

ಬೆಂಗಳೂರಿನಲ್ಲಿ ಬೆಳಗಿನ ಹನ್ನೊಂದೂವರೆಯಾದರೆ ನೈರೋಬಿಯಲ್ಲಿ ಒಂಬತ್ತು. ಪಾರ್ಕ್‌ಲ್ಯಾಂಡ್ಸ್‌ನ ಕನ್ನಡದ ಮನೆಯೊಂದರಲ್ಲಿ ಆನ್‌ಲೈನ್ ವಿಜ್ಞಾನ ಕಾರ್ಯಾಗಾರ ಶುರುವಾಗುವುದು ಆಗ. ಮಕ್ಕಳು ಕೈಯಾರೆ ಮಾಡಿ ಕಲಿಯಬೇಕೆಂಬುದು ನಿಯಮ. ನೋಂದಣಿ ಆರನೇ ಕ್ಲಾಸಿನ ಮಗಳದು; ಕೈ ಅಪ್ಪನದು.

2020ರ ಮಾರ್ಚ್‌ನಲ್ಲಿ ಕೆನ್ಯಾದ ಶಾಲೆಗಳಿಗೆ ಬೀಗ ಬಿದ್ದು, ಹೆಚ್ಚಿನ ತರಗತಿಗಳು ಮರುವರ್ಷದ ಜನವರಿವರೆಗೂ ತೆರೆಯದಿದ್ದಾಗ ಹುಟ್ಟಿದ ಪ್ರಯೋಗಪಿತರ ತಳಿ ಇದು. ಶಾಲೆ ತೆರೆದರೂ ಇವರು ಕುರ್ಚಿ ಬಿಡಲಿಲ್ಲ. ಇಂಡಸ್ಟ್ರಿಯಲ್ ಏರಿಯಾದ ಕಾರ್ಖಾನೆಯೊಂದರಲ್ಲಿ ಲೆಕ್ಕ ಬರೆಯುವ ಈ ಮಹನೀಯರು, ಪಿಯುಸಿಯಲ್ಲಿ ಕೈತಪ್ಪಿದ ಎಂಜಿನಿಯರಿಂಗ್ ಸೀಟನ್ನು ಅಡುಗೆ ಸೋಡಾ, ವಿನಿಗರ್ ಮೂಲಕ ವಸೂಲಿ ಮಾಡುತ್ತಿದ್ದಾರೆ. ಅಕ್ಕಪಕ್ಕದ ಕೆನ್ಯನ್ನರನ್ನು ತೋರಿಸಿ ಸಮರ್ಥನೆಯೂ ಉಂಟು: ಅಲ್ಲಿನ ಸಿಬಿಸಿ ಪಠ್ಯಕ್ರಮದ ಹೋಮ್‌ವರ್ಕಿಗೆ ಅಪ್ಪ ಅಮ್ಮಂದಿರೇ ಬೆರ್ಚಪ್ಪ ಕಟ್ಟಿಕೊಟ್ಟವರಲ್ಲವೆ?

‘ಅಪ್ಪ, ನಾನು ಮಾಡ್ತೀನಿ.’

‘ಇರು ಪುಟ್ಟಿ, ಚೆಲ್ಲಿಬಿಡ್ತೀಯ’ ಎಂದು ಅವರೇ ಚೆಲ್ಲುತ್ತಾರೆ.

ತೊಂದರೆಯೆಂದರೆ ಬೆಂಗಳೂರಿನ ಸಾಮಗ್ರಿ ಪಟ್ಟಿ ನೈರೋಬಿಯಲ್ಲಿ ನಡೆಯುವುದಿಲ್ಲ. ನೀರು ತುಂಬಿದ ಪ್ಲಾಸ್ಟಿಕ್ ಚೀಲಕ್ಕೆ ಪೆನ್ಸಿಲ್ ಚುಚ್ಚಿದರೂ ಸೋರದು ಎಂಬ ಪ್ರಯೋಗಕ್ಕೆ ಚೀಲವೇ ಇಲ್ಲ. 2017ರ ಆಗಸ್ಟ್ 28ರಿಂದ ನಿಷೇಧ. ಊರಿಂದ ಕೋಡುಬಳೆ ಸುತ್ತಿ ತಂದದ್ದೊಂದು ಪೆಟ್ಟಿಗೆಯ ತಳದಲ್ಲಿ ಸಿಕ್ಕಿತು. ‘ರೀ, ನಲವತ್ತು ಲಕ್ಷ ಶಿಲ್ಲಿಂಗ್‌ವರೆಗೆ ದಂಡ, ಇಲ್ಲಾ ನಾಲ್ಕು ವರ್ಷದವರೆಗೆ ಜೈಲು’ ಎಂದರು ಹೆಂಡತಿ. ಪ್ರಯೋಗ ನಡೆಯಿತು, ಕರ್ಟನ್ ಎಳೆದು.

ನೀರಿನ ಕುದಿಬಿಂದುವಿನ ದಿನ ಥರ್ಮಾಮೀಟರ್ 94 ಡಿಗ್ರಿಗೇ ನಿಂತಿತು. ಪ್ರಯೋಗಪಿತರು ಬೈದುಕೊಂಡು ಇನ್ನೊಂದನ್ನು ಕೊಂಡು ತಂದರು. ಅದೂ 94. ಕೊನೆಗೆ ‘100 ಅಂತ ಬರಿ’ ಎಂದು ಅಪ್ಪಣೆಯಾಯಿತು. ಸುಮಾರು 1,800 ಮೀಟರ್ ಎತ್ತರದ ಊರು. ಗಾಳಿಯ ಒತ್ತಡ ಕಡಿಮೆ, ನೀರು ಬೇಗ ಕುದಿಯುತ್ತದೆ. ಹೆಂಡತಿಗೆ ಆಶ್ಚರ್ಯವೇನೂ ಆಗಲಿಲ್ಲ: ‘ಅದಕ್ಕೇ ಇಲ್ಲಿ ಕುಕ್ಕರ್ ಇಲ್ದೆ ಬೇಳೆ ಬೇಯಲ್ಲ.’ ಮಗಳು 94 ಎಂದೇ ಬರೆದಳು.

ಶೂನ್ಯ ನೆರಳಿನ ದಿನ ಮಾತ್ರ ಘನತೆಗೇ ಕುತ್ತು ಬಂತು. ಏಪ್ರಿಲ್ 24ರ ಸುಮಾರಿಗೆ ಮಧ್ಯಾಹ್ನ ಹನ್ನೆರಡೂಕಾಲರ ಬಳಿಕ ಬೆಂಗಳೂರಿನಲ್ಲಿ ಸೂರ್ಯ ನೆತ್ತಿಯ ಮೇಲೆ. ನೆಟ್ಟ ಕೋಲಿಗೆ ನೆರಳಿಲ್ಲ. ನೈರೋಬಿಯಲ್ಲಾಗ ಇನ್ನೂ ಹತ್ತು ಗಂಟೆಯೂ ಆಗಿಲ್ಲ, ಬಾಲ್ಕನಿಯಲ್ಲಿ ಹೆಚ್ಚುಕಡಿಮೆ ಕೋಲಿನಷ್ಟೇ ಉದ್ದದ ನೆರಳು. ‘ಎಲ್ಲರೂ ತೋರಿಸಿ’ ಎಂದರು ಕಾರ್ಯಾಗಾರದ ಮೇಡಂ. ಪ್ರಯೋಗಪಿತರು ಕೋಲನ್ನು ಸೂರ್ಯನ ಕಡೆಗೆ ವಾಲಿಸಿದರು, ನೆರಳು ಮಾಯ. ಕ್ಯಾಮೆರಾವನ್ನೂ ಅಷ್ಟೇ ವಾಲಿಸಿದರು. ಪರದೆಯಲ್ಲಿ ಕೋಲು ನೆಟ್ಟಗೆ, ಪಾರ್ಕ್‌ಲ್ಯಾಂಡ್ಸ್ ಸೊಟ್ಟಗೆ.

‘ಮಿಸ್, ನಮ್ಮಲ್ಲಿ ನೆರಳು ಇದೆ!’ ಮಗಳು ಅನ್‌ಮ್ಯೂಟ್ ಆಗಿದ್ದಳು.

ಮೇಡಂಗೆ ಬಯ್ಯುವ ಬದಲು ಸಂಭ್ರಮ. ಇದೇ ಆಫ್ರಿಕಾದ ಈಜಿಪ್ಟಿನಲ್ಲಿ, ಎರಡು ಊರುಗಳ ನಡುಹಗಲಿನ ನೆರಳನ್ನು ಹೋಲಿಸಿ ಎರಟೋಸ್ತನೀಸ್ ಭೂಮಿಯ ಸುತ್ತಳತೆ ಲೆಕ್ಕ ಹಾಕಿ ಎರಡು ಸಾವಿರ ವರ್ಷಗಳ ಮೇಲಾಯಿತು. ‘ನಿಮ್ಮೂರಿನ ಹನ್ನೆರಡೂವರೆಗೆ ಅಳೆದು ಕಳಿಸಮ್ಮ’ ಎಂದರು.

ಮಳೆಗಾಲದ ಮೋಡ ಆ ಹೊತ್ತಿಗೆ ಕೃಪೆಯಿಂದ ಸರಿಯಿತು. ಒಂದಡಿ ಕೋಲಿಗೆ ಮೂರಿಂಚು ನೆರಳು, ದಕ್ಷಿಣಕ್ಕೆ. ‘ಉತ್ತರಕ್ಕಲ್ವಾ ಬೀಳ್ಬೇಕು?’ ಎಂದು ಪ್ರಯೋಗಪಿತರು ಮೊಬೈಲಿನ ದಿಕ್ಸೂಚಿಯನ್ನು ಕುಟ್ಟಿ ನೋಡಿದರು. ಮಗಳು ಅಳತೆ ಬರೆದು ಕಳಿಸಿದಾಗ ಅವರು ಎರಡನೆಯ ದಿಕ್ಸೂಚಿ ಡೌನ್‌ಲೋಡ್ ಮಾಡಿಕೊಳ್ಳುತ್ತಿದ್ದರು.