ಮೀಟರಿಗೆ ಬಿಡುವು ಕೊಡದ ಮಹನೀಯರಿಗೆ ಅಭಿನಂದನಾ ನುಡಿ

(ಬೆಂಗಳೂರಿನ ಒಂದು ಬಡಾವಣೆಯ ಕ್ಷೇಮಾಭಿವೃದ್ಧಿ ಸಂಘದ ವಾರ್ಷಿಕೋತ್ಸವದಲ್ಲಿ ಸನ್ಮಾನ ಸಮಿತಿಯ ಸಂಚಾಲಕರು ಮಾಡಿದ ಭಾಷಣ)

ವೇದಿಕೆಯ ಮೇಲೆ ಆಸೀನರಾಗಿರುವ ಅಧ್ಯಕ್ಷರೇ, ಇನ್ನೊಂದು ಕಾರ್ಯಕ್ರಮಕ್ಕೆ ಹೊತ್ತಾಯಿತೆಂದು ಆಗಲೇ ವಾಚು ನೋಡಿಕೊಳ್ಳುತ್ತಿರುವ ಮುಖ್ಯ ಅತಿಥಿಗಳೇ, ಕರವಸ್ತ್ರ ಹಾಸಿ ಮುಂದಿನ ಸಾಲು ಹಿಡಿದಿರುವ ಹಿರಿಯರೇ, ಕೇಸರಿಬಾತಿನ ಘಮ ಹಿಡಿದು ಬಂದಿರುವ ಬಂಧುಗಳೇ,

ಗಾಯಕರಿಗೆ, ನಿವೃತ್ತ ಮೇಷ್ಟ್ರಿಗೆ, ರಕ್ತದಾನಿಗಳಿಗೆ ಸನ್ಮಾನ ಮಾಡುವುದು ನಡೆದುಬಂದ ಪದ್ಧತಿ. ಹಗಲಿರುಳೆನ್ನದೆ ಒಂದು ಮೀಟರನ್ನು ಓಡಿಸುತ್ತಲೇ ಇರುವ ಸಾಧಕರನ್ನು ಮಾತ್ರ ಈ ನಾಡು ಇದುವರೆಗೆ ಗುರುತಿಸಿಲ್ಲ. ಆ ಕೊರತೆ ನೀಗಲೆಂದು ನಮ್ಮ ಸಂಘ ಈ ಸಲ ‘ವಿದ್ಯುದ್ದಾನಶೂರ’ ಪ್ರಶಸ್ತಿ ಸ್ಥಾಪಿಸಿ, ಎರಡನೇ ಅಡ್ಡರಸ್ತೆಯ ಮೂಲೆಮನೆ ಯಜಮಾನರನ್ನು ಅವಿರೋಧವಾಗಿ ಆರಿಸಿದೆ. ಹೆಸರು ಹೇಳಬಾರದೆಂದು ಅವರ ಅಪ್ಪಣೆಯಾಗಿದೆ. ಹೇಳುವ ಅಗತ್ಯವೂ ಇಲ್ಲ. ಬೆಳಗಿನ ಹನ್ನೊಂದಕ್ಕೂ ಗೇಟಿನ ದೀಪ ಉರಿಯುತ್ತಿರುವ ಮನೆ ಈ ಬಡಾವಣೆಯಲ್ಲಿ ಒಂದೇ.

ಆ ದೀಪವನ್ನು ಹಗುರವಾಗಿ ಕಾಣಬೇಡಿ. 1902ರಲ್ಲಿ ಶಿವನಸಮುದ್ರದಿಂದ ಕೋಲಾರದ ಚಿನ್ನದ ಗಣಿಗೆ ವಿದ್ಯುತ್ ಹರಿಯಿತು. 1905ರಲ್ಲಿ ಬೆಂಗಳೂರಿನ ಬೀದಿಗೆ ದೀಪ ಬಂತು. ಆ ಭವ್ಯ ಪರಂಪರೆಯ ಇಂದಿನ ಕುಡಿಯೇ ಈ ಗೇಟಿನ ದೀಪ. ಅದೂ ಅರವತ್ತು ವ್ಯಾಟಿನ ಹಳೇ ಬಲ್ಬು. ತಾನು ತಿನ್ನುವ ಕರೆಂಟಿನಲ್ಲಿ ನೂರಕ್ಕೆ ತೊಂಬತ್ತು ಪಾಲಿಗಿಂತ ಹೆಚ್ಚನ್ನು ಶಾಖವಾಗಿ ಹಂಚಿ, ಉಳಿದ ಚೂರನ್ನಷ್ಟೇ ಬೆಳಕಾಗಿ ಕೊಡುವ ತ್ಯಾಗಜೀವಿ. 2015ರಲ್ಲಿ ಉಜಾಲಾ ಯೋಜನೆ ಬಂದು ಊರೆಲ್ಲ ಒಂಬತ್ತು ವ್ಯಾಟಿನ ಎಲ್‌ಇಡಿ ಬಲ್ಬಿಗೆ ಬದಲಾಯಿಸಿದಾಗಲೂ ಯಜಮಾನರು ನಿಷ್ಠೆ ಬದಲಿಸಲಿಲ್ಲ. ಬಲ್ಬಿನ ಸುತ್ತ ಕಾಲು ಚಾಚಿ ಕೂರುವ ಹಲ್ಲಿಗಳು ಇಂದಿಗೂ ಅವರನ್ನು ಹರಸುತ್ತಿವೆ.

ಇನ್ನು ಅವರ ದಿನಚರಿಗೆ ಬರೋಣ. ಬೆಳಗಿನ ಐದೂವರೆಗೆ ಎದ್ದು ಗೀಸರ್ ಸ್ವಿಚ್ ಹಾಕಿ ಮತ್ತೆ ಮಲಗುತ್ತಾರೆ. ಸ್ನಾನ ಎಂಟಕ್ಕೆ. ಎರಡು ಕಿಲೋವ್ಯಾಟಿನ ಗೀಸರ್ ಅರ್ಧ ಗಂಟೆ ಉರಿದರೆ ಒಂದು ಯೂನಿಟ್ ಮುಗಿಯಿತು; ಇಪ್ಪತ್ತೈದು ಲೀಟರ್ ನೀರು ಹದವಾಗಿ ಕಾಯಲು ಹೆಚ್ಚುಕಡಿಮೆ ಅಷ್ಟು ಸಾಕು. ಉಳಿದ ಎರಡು ಗಂಟೆ ನೀರು ಆರುತ್ತದೆ, ಗೀಸರ್ ಮತ್ತೆ ಕಾಯಿಸುತ್ತದೆ. ಆರುತ್ತದೆ, ಮತ್ತೆ ಕಾಯಿಸುತ್ತದೆ. ಕೊನೆಗೆ ಯಜಮಾನರು ಆ ಕುದಿನೀರಿಗೆ ಎರಡು ಪಾಲು ತಣ್ಣೀರು ಬೆರೆಸಿ ಮೀಯುತ್ತಾರೆ. ಮಹಡಿಯ ಮೇಲೆ ಸೋಲಾರ್ ಇಲ್ಲವೇ ಎಂದು ಕೇಳಬೇಡಿ, ಇದೆ. ಮನೆ ಕಟ್ಟಿದಾಗ ಸೋಲಾರ್ ಹಾಕಿಸದಿದ್ದರೆ ಕರೆಂಟ್ ಸಂಪರ್ಕ ಸಿಗುವುದಿಲ್ಲವೆಂದು ಹಾಕಿಸಿದ್ದು. ಸದ್ಯಕ್ಕೆ ಅದರ ಸ್ಟ್ಯಾಂಡಿಗೆ ಬಟ್ಟೆ ಒಣಹಾಕುವ ಹಗ್ಗ ಕಟ್ಟಿದ್ದಾರೆ. ಹೀಗೆ ಸೂರ್ಯನಿಗೂ ಅವರ ಮನೆಯಲ್ಲಿ ಒಂದು ಕೆಲಸ ಸಿಕ್ಕಿದೆ.

ಈಗ ಹೊದಿಸಲಿರುವ ಶಾಲು ಅವರ ಬೀರುವಿನಲ್ಲಿ ಮಡಿಸಿ ಕೂರುವಂಥದ್ದಲ್ಲ. ಎಸಿಯನ್ನು ಹದಿನೆಂಟಕ್ಕಿಟ್ಟು, ಚಳಿ ತಡೆಯದೆ ರಗ್ಗು ಹೊದ್ದು ಮಲಗುವವರಿಗೆ ಅದು ನಿತ್ಯ ಬಳಕೆಗೆ ಬರುತ್ತದೆ. 2020ರ ಜನವರಿಯಿಂದ ಕೋಣೆಯ ಎಸಿಗಳು 24 ಡಿಗ್ರಿಗೆ ಹೊಂದಿಸಿಕೊಂಡೇ ಮಾರಾಟಕ್ಕೆ ಬರಬೇಕೆಂದು ಸರ್ಕಾರ ನಿಯಮ ಮಾಡಿದೆ. ಒಂದೊಂದು ಡಿಗ್ರಿ ಏರಿಸಿದಾಗಲೂ ಸುಮಾರು ಶೇ. 6ರಷ್ಟು ಕರೆಂಟ್ ಉಳಿಯುತ್ತದೆ ಎಂಬುದು ಎಸಿ, ಫ್ರಿಜ್ಜುಗಳಿಗೆ ಸ್ಟಾರ್ ಹಚ್ಚುವ ಕೇಂದ್ರದ ಬ್ಯೂರೋ ಹೇಳುವ ಲೆಕ್ಕ. ಲೆಕ್ಕಕ್ಕೆ ತಲೆ ಬಾಗುವವರು ದಾನಶೂರರಾಗುವುದು ಹೇಗೆ? ಪಕ್ಕದ ಕೋಣೆಯಲ್ಲಿ ಯಾರೂ ಇಲ್ಲದಾಗಲೂ ಎಪ್ಪತ್ತೈದು ವ್ಯಾಟಿನ ಫ್ಯಾನು ತಿರುಗುತ್ತಿರುತ್ತದೆ. ಫ್ಯಾನಿನಿಂದ ಕೋಣೆ ತಣ್ಣಗಾಗುವುದಿಲ್ಲ, ಮೈಗೆ ಗಾಳಿ ತಾಗಿದವರಿಗಷ್ಟೇ ತಂಪು. ಹಾಗಿದ್ದರೂ ಕ್ಯಾಲೆಂಡರಿನ ಹಾಳೆಗಳಿಗೆ ಸೆಕೆಯಾಗಬಾರದೆಂಬ ಕಳಕಳಿ ಅವರದು. ರಿಮೋಟಿನಿಂದ ಟಿವಿ ಆರಿಸಿದರೂ ಸೆಟ್‌ಟಾಪ್ ಬಾಕ್ಸ್ ಬೆಚ್ಚಗೇ ಇರುತ್ತದೆ. ಅವರ ಮನೆಯ ಬೆಕ್ಕು ಮಲಗುವುದು ಅದರ ಮೇಲೇ. ಹತ್ತು ವ್ಯಾಟ್ ಎಂದಿಟ್ಟುಕೊಂಡರೂ ತಿಂಗಳಿಗೆ ಏಳು ಯೂನಿಟ್ ಬೆಕ್ಕಿನ ಹಾಸಿಗೆಯ ಖರ್ಚು.

ನೀರಿನ ವಿಷಯದಲ್ಲಿ ಅವರ ಔದಾರ್ಯ ಜಿಲ್ಲೆಯ ಗಡಿ ದಾಟುತ್ತದೆ. ಕಾವೇರಿ ಬೆಂಗಳೂರಿಗೆ ತಾನಾಗಿ ಹರಿದು ಬರುವುದಿಲ್ಲ. ಸುಮಾರು ನೂರು ಕಿಲೋಮೀಟರ್ ದೂರದಿಂದ ತೊರೆಕಾಡನಹಳ್ಳಿ, ಹಾರೋಹಳ್ಳಿ, ತಾತಗುಣಿಗಳಲ್ಲಿ ಮೂರು ಸಲ ಪಂಪ್ ಮಾಡಿ, ಸರಿಸುಮಾರು ಐನೂರು ಮೀಟರ್ ಎತ್ತರಕ್ಕೆ ಏರಿಸಿ ತರಬೇಕು. ಅಷ್ಟು ಏದುಸಿರು ಬಿಟ್ಟು ಸಂಪಿಗೆ ಬಂದ ನೀರನ್ನು ನಮ್ಮ ಯಜಮಾನರು ನಾಲ್ಕನೇ ಸಲ ಮೋಟರಿನಿಂದ ಮಹಡಿಗೆ ಏರಿಸಿ, ಮೋಟರ್ ಆರಿಸುವುದನ್ನು ಮರೆತು, ಟ್ಯಾಂಕು ತುಂಬಿ ಉಕ್ಕಿದ ನೀರನ್ನು ಪೈಪಿನಿಂದ ನೇರ ಮೋರಿಗೆ ಅರ್ಪಿಸುತ್ತಾರೆ. ಇನ್ನೂರು ರೂಪಾಯಿ ಚಿಲ್ಲರೆಗೆ ಸಿಗುವ ಒಂದು ಅಲಾರಂ ಕಟ್ಟಿಸಿದ್ದರೆ ಬಡಾವಣೆಗೆ ಈ ಜಲಪಾತದ ದರ್ಶನಭಾಗ್ಯ ಎಲ್ಲಿತ್ತು?

ಹೊತ್ತು ಗೊತ್ತಿನಲ್ಲಿ ಕೂಡ ಅವರದು ವಿಶೇಷ ಪಾಂಡಿತ್ಯ. ಪಾವಗಡದ ಸೌರ ಪಾರ್ಕು ಹಗಲೆಲ್ಲ ಕರೆಂಟ್ ಕೊಡುವಾಗ ಅವರ ವಾಷಿಂಗ್ ಮಷಿನ್‌ಗೆ ವಿಶ್ರಾಂತಿ. ಸೂರ್ಯ ಮುಳುಗಿ, ಮನೆಮನೆಯಲ್ಲೂ ದೀಪ ಹತ್ತಿ, ಕಲ್ಲಿದ್ದಲಿನ ಸ್ಥಾವರಗಳ ಮೇಲೆ ಭಾರ ಬೀಳುವ ಸಂಜೆ ಏಳಕ್ಕೆ ಸರಿಯಾಗಿ ಮಷಿನ್, ಮೋಟರ್, ಇಸ್ತ್ರಿಪೆಟ್ಟಿಗೆ ಮೂರೂ ಎದ್ದು ಕೂರುತ್ತವೆ. ಆಗ ಅವರ ಮೀಟರಿನ ಸಾಸಿವೆಗಾತ್ರದ ಕೆಂಪು ದೀಪವನ್ನು ನೋಡಬೇಕು! ಕರೆಂಟ್ ಎಳೆದಷ್ಟೂ ಬೇಗಬೇಗ ಮಿಟುಕುವ ದೀಪ ಅದು. ಒಮ್ಮೆ ದೀಪ ಕೆಟ್ಟಿರಬೇಕೆಂದು ಮೀಟರ್ ಓದುವ ಹುಡುಗ ಬೆರಳಿನಿಂದ ತಟ್ಟಿ ನೋಡಿದ.

ಆದರೆ ಸಮಿತಿಯ ಮನ ಗೆದ್ದದ್ದು ಇವಾವುವೂ ಅಲ್ಲ, ಅವರ ಒಂದು ಮಾತು. 2023ರ ಜುಲೈ ತಿಂಗಳ ಬಳಕೆಯಿಂದ ಮನೆಗಳಿಗೆ ಪುಕ್ಕಟೆ ಕರೆಂಟ್ ಕೊಡುವ ಗೃಹಜ್ಯೋತಿ ಯೋಜನೆ ಜಾರಿಗೆ ಬಂತಷ್ಟೆ. 200 ಯೂನಿಟ್ ದಾಟಿದರೆ ಪೂರ್ತಿ ಬಿಲ್ ಕಟ್ಟಬೇಕೆಂದು ನಮ್ಮಲ್ಲಿ ಕೆಲವರು ತಿಂಗಳ ಕೊನೆಗೆ ಕತ್ತಲಲ್ಲಿ ಕೂತರು. ಇನ್ನು ಕೆಲವರು, ಹೇಗೂ ಪುಕ್ಕಟೆ ಎಂದು ತಮ್ಮ ಮಿತಿ ಮುಟ್ಟುವವರೆಗೆ ಇದ್ದಬದ್ದ ದೀಪ ಹಚ್ಚಿದರು. ಯಜಮಾನರು ಎರಡೂ ಪಂಗಡಕ್ಕೆ ಸೇರದೆ ಮುನ್ನೂರು ದಾಟಿ ನಿಂತರು. ಕೇಳಿದ್ದಕ್ಕೆ, “ಬಿಲ್ ಕಟ್ಟೋನು ನಾನು, ನಿಮಗೇನ್ರೀ ಕಷ್ಟ?” ಅಂದರು. ಬಂಧುಗಳೇ, ಚಪ್ಪಾಳೆಗೆ ಅರ್ಹವಾದ ಮಾತಿದು. ರಾಯಚೂರಿನ ಶಕ್ತಿನಗರದಲ್ಲಿ ಉರಿಯುವ ಕಲ್ಲಿದ್ದಲು, ಅದರ ಹಾರುಬೂದಿ, ಶರಾವತಿಗೆ ಲಿಂಗನಮಕ್ಕಿಯಲ್ಲಿ ಅಣೆಕಟ್ಟು ಕಟ್ಟಿದಾಗ ಮುಳುಗಿದ ಊರುಗಳು, ಮನೆ ಗದ್ದೆ ಬಿಟ್ಟು ಹೊರಟ ಸಂಸಾರಗಳು, ಇವಕ್ಕೆ ಬಿಲ್ಲಿನಲ್ಲಿ ಒಂದು ಕಾಲಂ ಕೂಡ ಇಲ್ಲ. ಕಾಲಂ ಇಲ್ಲದ ಬಾಕಿಯನ್ನು ಯಾರು ತಾನೇ ಕಟ್ಟುತ್ತಾರೆ? ಪುಕ್ಕಟೆ ಎಂದು ಉರಿಸುವವರೂ ದುಡ್ಡು ಕೊಟ್ಟಿದ್ದೇನೆಂದು ಉರಿಸುವವರೂ ಓದುವುದು ಬಿಲ್ಲಿನ ಕೊನೆಯ ಸಾಲೊಂದನ್ನೇ. ಯಜಮಾನರು ನಮ್ಮೆಲ್ಲರ ಮನಸ್ಸಿನ ಮಾತನ್ನು ಬಾಯಿಬಿಟ್ಟು ಹೇಳಿದರು. ಸನ್ಮಾನ ಅದಕ್ಕೆ.

ಇಷ್ಟಾಗಿಯೂ ಒಂದು ಕಹಿ ವಿಚಾರವನ್ನು ಸಭೆಯ ಮುಂದಿಡಬೇಕಾಗಿದೆ. ಕಳೆದ ತಿಂಗಳು ಯಜಮಾನರ ಬಿಲ್ಲಿನಲ್ಲಿ 187 ಯೂನಿಟ್ ಬಂದಿದೆ! ಗಾಬರಿಯಾಗಿ ಸಮಿತಿ ತನಿಖೆ ನಡೆಸಿತು. ಊರಿನಿಂದ ಬಂದು ತಿಂಗಳು ಪೂರ್ತಿ ತಂಗಿದ್ದ ಅವರ ತಾಯಿಯವರ ಮೇಲೆ ಈ ಕೆಳಗಿನ ಆರೋಪಗಳು ಸಾಬೀತಾಗಿವೆ. ಹೊಸಲು ದಾಟುವಾಗಲೆಲ್ಲ ಹಿಂದಿನ ಕೋಣೆಯ ಸ್ವಿಚ್ಚಿಗೆ ಕೈ ಹಾಕಿದ್ದು. ಟಿವಿಯನ್ನು ರಿಮೋಟಿನಲ್ಲಿ ಬಿಟ್ಟು ಗೋಡೆಯ ಸ್ವಿಚ್ಚಿನಲ್ಲೇ ಆರಿಸಿ, ಬೆಕ್ಕನ್ನು ನಿರಾಶ್ರಿತ ಮಾಡಿದ್ದು. ಸೋಲಾರಿನ ಗಾಜು ಒರೆಸಿ, ಹಗ್ಗ ಬಿಚ್ಚಿದ್ದು. ಫ್ರಿಜ್ಜಿನ ಬಾಗಿಲಿಗೆ ಕಾಗದದ ಚೂರು ಸಿಕ್ಕಿಸಿ ಎಳೆದು ನೋಡಿ, ಅದು ಸಲೀಸಾಗಿ ಜಾರಿ ಬಂದದ್ದರಿಂದ ಸಡಿಲಾದ ರಬ್ಬರನ್ನು ಬದಲಾಯಿಸಲು ಮಗನಿಗೆ ಗಂಟುಬಿದ್ದದ್ದು. ಬಿಸಿ ಸಾರನ್ನು ಆರಿಸಿಯೇ ಒಳಗಿಟ್ಟದ್ದು. ಹುರುಳಿಕಾಳನ್ನು ರಾತ್ರಿಯೇ ನೆನೆಹಾಕಿ, ಅನ್ನದ ಜೊತೆ ಒಂದೇ ಕುಕ್ಕರಿನಲ್ಲಿ ಬೇಯಿಸಿ, ಸಿಲಿಂಡರು ತಿಂಗಳಾದರೂ ಖಾಲಿಯಾಗದಂತೆ ನೋಡಿಕೊಂಡದ್ದು. ವಿಚಾರಣೆಯಲ್ಲಿ ಅವರು ಪಶ್ಚಾತ್ತಾಪದ ಸುಳಿವೂ ಇಲ್ಲದೆ, “ಉರಿಸೋಕೇನಪ್ಪ, ಯಾರಾದ್ರೂ ಉರಿಸ್ತಾರೆ” ಎಂದಷ್ಟೇ ಹೇಳಿಕೆ ಕೊಟ್ಟಿದ್ದಾರೆ.

ಫಲಕ ಕೆತ್ತಿಸಿ ಆಗಿದೆ, ಹಾರ ಬಂದಾಗಿದೆ. ಆದರೂ ಪ್ರಶಸ್ತಿಯ ಘನತೆ ಮುಖ್ಯ. ಆದಕಾರಣ ಯಜಮಾನರು ವೇದಿಕೆಗೆ ಬಂದು, ಆ 187ರ ಬಗ್ಗೆ ಮೊದಲು ಸಮಜಾಯಿಷಿ ನೀಡಿ, ಆಮೇಲೆ ಹಾರಕ್ಕೆ ಕೊರಳೊಡ್ಡಬೇಕೆಂದು ಕೋರುತ್ತೇನೆ. ಸಮಜಾಯಿಷಿ ಸಭೆಗೆ ಒಪ್ಪಿಗೆಯಾಗದಿದ್ದರೆ ಚಿಂತೆಯಿಲ್ಲ. ಹೊಸ ಫ್ರಿಜ್ ತಂದ ಮೇಲೂ ಹಳೆಯದನ್ನು ಕೊಡದೆ, ನಾಲ್ಕು ನೀರಿನ ಬಾಟಲಿಗಾಗಿ ಗ್ಯಾರೇಜಿನಲ್ಲಿ ವರ್ಷವಿಡೀ ಓಡಿಸುತ್ತಿರುವ ಮನೆಯೊಂದು ಮೂರನೇ ಅಡ್ಡರಸ್ತೆಯಲ್ಲಿದೆ ಎಂದು ಈಗಷ್ಟೇ ಚೀಟಿ ಬಂದಿದೆ. ಚೀಟಿಯಲ್ಲಿ ಮನೆ ನಂಬರೂ ಇದೆ. ಅಧ್ಯಕ್ಷರು ಯಾಕೋ ಎದ್ದು ನಿಂತಿದ್ದಾರೆ. ಇಲ್ಲಿಗೆ ನನ್ನ ಮಾತು ಮುಗಿಸುತ್ತೇನೆ.