ಮೊಲದ ಕಾಲು ಎಣಿಸಲು ಹೋಗಿ

ತಾನು ಹಿಡಿದ ಮೊಲಕ್ಕೆ ಮೂರೇ ಕಾಲು ಎಂದವನು ಹಿಡಿದದ್ದು ಅಂಗೋರಾ ಮೊಲವನ್ನೇ ಇರಬೇಕು. ಹಿಮಾಚಲದ ಕುಲು ಕಣಿವೆಗೆ ಹೋದ ಈ ಹರಟೆಗಾರನಿಗೆ ಗೂಡಿನಲ್ಲಿ ಕಂಡದ್ದು ಬರೀ ಅರಳೆಯ ಉಂಡೆ. ಕಾಲು ಹಾಗಿರಲಿ, ಮುಖ ಯಾವ ಕಡೆ ಎಂಬುದೇ ತಿಳಿಯದೆ ಆತ ಕ್ಯಾರೆಟ್ ಹಿಡಿದದ್ದು ಬಾಲದ ಮುಂದೆ. ಉಂಡೆ ನಿಧಾನವಾಗಿ ತಿರುಗಿ, ಮೂಗು ಅಲುಗಿಸಿ, ಅವನನ್ನು ಕನಿಕರದಿಂದ ನೋಡಿತು.

ಹೆಸರು ಟರ್ಕಿಯ ಅಂಕಾರಾದ್ದು, ಇಲ್ಲಿ ಸಾಕುವ ತಳಿ ಜರ್ಮನಿಯದು, ವಾಸ ಕುಲುವಿನಲ್ಲಿ. ಸುಮಾರು ಮೂರು ತಿಂಗಳಿಗೊಮ್ಮೆ, ಅಂದರೆ ವರ್ಷಕ್ಕೆ 4 ಸಲ ಕ್ಷೌರ. ಇದನ್ನು ಕೇಳಿ ಹರಟೆಗಾರ ತನ್ನ ಬೋಳುತಲೆ ಸವರಿಕೊಂಡ. ಅವನು ಕ್ಷೌರದಂಗಡಿಗೆ ಹೋಗುವುದು ಪೇಪರ್ ಓದಲಿಕ್ಕೆ.

ಮೊಲದ ಕಷ್ಟ ಮೊಲಕ್ಕೆ. ಮೈ ನೆಕ್ಕುವಾಗ ಹೊಟ್ಟೆಗೆ ಹೋದ ಕೂದಲನ್ನು ಬೆಕ್ಕು ಕಕ್ಕುತ್ತದೆ. ಮೊಲಕ್ಕೆ ವಾಂತಿಯೇ ಬರುವುದಿಲ್ಲ. ಹಾಗಾಗಿ ಬಾಚಣಿಗೆಯೂ ಬೇಕು, ಒಣಹುಲ್ಲೂ ಬೇಕು.

ಆತ ಒಂದು ಹಿಡಿ ಉಣ್ಣೆ ತಂದು ಬೆಂಗಳೂರಿನ ಅಡುಗೆಮನೆಯಲ್ಲಿ ಬಣ್ಣ ಹಾಕಲು ನಿಂತ. ಬಣ್ಣದ ನೀರಿಗೆ ವಿನಿಗರ್ ಬೆರೆಸಿ, ಉಣ್ಣೆ ಮುಳುಗಿಸಿ, ಸಣ್ಣ ಉರಿಯಲ್ಲಿ ಕಲಕದೆ ಬಿಡಬೇಕು. ಕಲಕದೆ! ಹುಳಿ ಕುದಿಸಿ ಪಳಗಿದ ಕೈ ಕೇಳಬೇಕಲ್ಲ, ಸೌಟು ಆಡಿಸಿಯೇಬಿಟ್ಟಿತು. ಎಳೆಗೆ ಎಳೆ ಹೆಣೆದುಕೊಂಡು ಉಣ್ಣೆ ಮುದ್ದೆಯಾಯಿತು.

"ಸಾರಿಗೆ ನೆಂಚಿಕೊಳ್ಳಿ" ಎಂದರು ಮನೆಯಾಕೆ.

ನೇರಳೆ ಬಣ್ಣದ ಆ ಮುದ್ದೆ ಈಗ ಚಪ್ಪಟೆಯಾಗಿ, ಅದೇ ಅಡುಗೆಮನೆಯಲ್ಲಿ ಬಿಸಿ ಪಾತ್ರೆಯ ಅಡಿಗೆ ಕೂತಿದೆ.